ರೂಟರ್‌ನ ‘ಲಾಗ್’: ಏನು ಬರೆದಿಡಬೇಕು, ಏನು ಬರೆಯಬಾರದು? ಡಿಫಾಲ್ಟ್ ಸೆಟ್ಟಿಂಗ್ ಆರಿಸುವ ಮುನ್ನ

2007ರ ಆಗಸ್ಟ್ ಕೊನೆಯಲ್ಲಿ ಪುಣೆ ಪೊಲೀಸರು ಬೆಂಗಳೂರಿಗೆ ಬಂದು ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಬಂಧಿಸಿದರು. ಆಗ ಜನಪ್ರಿಯವಾಗಿದ್ದ ಆರ್ಕುಟ್ ಜಾಲತಾಣದಲ್ಲಿ ಛತ್ರಪತಿ ಶಿವಾಜಿಯವರನ್ನು ಅವಹೇಳನ ಮಾಡುವ ಚಿತ್ರ ಹಾಕಿದ್ದಾರೆ ಎಂಬುದು ಅವರ ಮೇಲಿನ ಆರೋಪ. ಆ ಯುವಕ 50 ದಿನ ಜೈಲಿನಲ್ಲಿ ಕಳೆದರು. ಕೊನೆಗೆ ಗೊತ್ತಾಗಿದ್ದೇನು? ಪೊಲೀಸರ ಕೈಗೆ ಬಂದಿದ್ದ ಐಪಿ ವಿಳಾಸ ಅವರದ್ದಾಗಿರಲೇ ಇಲ್ಲ.

ಇಂಥ ಪ್ರಕರಣಗಳಲ್ಲಿ ಪೊಲೀಸರು ಹಿಡಿದು ಹೊರಡುವ ದಾರಿ ಒಂದೇ: ಯಾವ ಹೊತ್ತಿಗೆ, ಯಾವ ವಿಳಾಸ, ಯಾರ ಕೈಯಲ್ಲಿತ್ತು? ಇದಕ್ಕೆ ಉತ್ತರ ಕೊಡುವುದು ಮನುಷ್ಯರಲ್ಲ, ಯಂತ್ರದಲ್ಲಿ ಉಳಿದ ನಾಲ್ಕು ಸಾಲು. ಅದಕ್ಕೆ ‘ಲಾಗ್’ ಅಂತಾರೆ. ಲಾಗ್ ಸರಿಯಾಗಿದ್ದರೆ ನಿರಪರಾಧಿ ಹೊರಗೆ ಬರುತ್ತಾನೆ. ತಪ್ಪಿದ್ದರೆ, ಅಥವಾ ತಪ್ಪಾಗಿ ಓದಿದರೆ, ಒಳಗೆ ಹೋಗುತ್ತಾನೆ.

ಅಂಗಡಿ, ಹಾಸ್ಟೆಲ್, ಹಾಲ್, ಜಮಾಅತ್ ಕಚೇರಿ ಎಂದು ಈಗ ಎಲ್ಲ ಕಡೆ ಹಂಚಿಕೊಂಡ ವೈಫೈ ಇದೆ. ಅದನ್ನು ಕೂರಿಸಿ ಕೊಡುವವರು ಹೆಚ್ಚಾಗಿ ಊರಿನ ಹುಡುಗರೇ. ಊರಲ್ಲೂ ಗಲ್ಫ್‌ನಲ್ಲೂ ನೆಟ್‌ವರ್ಕ್ ಕೆಲಸಕ್ಕೆ ಇಳಿದ ಯುವಕರು ಎಷ್ಟೋ ಮಂದಿ. ಡಬ್ಬ ಕೂರಿಸಿದ ಮೇಲೆ ಅದರ ಲಾಗ್ ಸೆಟ್ಟಿಂಗ್ ಅನ್ನು ಮತ್ತೆ ಯಾರೂ ಮುಟ್ಟೋದಿಲ್ಲ. ಕಂಪನಿಯೋ ಸಾಫ್ಟ್‌ವೇರ್ ಬರೆದವರೋ ಮೊದಲೇ ಇಟ್ಟು ಕಳಿಸಿದ್ದು ಏನೋ, ಅದೇ ಕೊನೆಯವರೆಗೂ ಇರುತ್ತದೆ. ಅದಕ್ಕೇ ‘ಡಿಫಾಲ್ಟ್’ ಎಂಬ ಸಣ್ಣ ಪದ ಇಲ್ಲಿ ದೊಡ್ಡ ವಿಷಯವಾಗುತ್ತದೆ.

ರೂಟಿಂಗ್ ಸಾಫ್ಟ್‌ವೇರ್ ಮಾಡುವ ಕೆಲಸ

ಒಂದು ಉದಾಹರಣೆಯಿಂದ ನೋಡೋಣ. ಕೊಲ್ಹಾಪುರ ಜಿಲ್ಲೆ ಶಿರೋಳ ತಾಲೂಕಿನ ದತ್ತವಾಡ ಕರ್ನಾಟಕದ ಗಡಿಗೆ ಅಂಟಿಕೊಂಡ ಊರು. ಪಕ್ಕದಲ್ಲಿ ದೂಧಗಂಗಾ ನದಿ, ದಾಟಿದರೆ ಬೆಳಗಾವಿ ಜಿಲ್ಲೆ. ಹತ್ತಿರದ ದೊಡ್ಡ ಪಟ್ಟಣ ಇಚಲಕರಂಜಿ, ವಿದ್ಯುತ್ ಮಗ್ಗಗಳ ಊರು. ಇಂಥ ಊರಿನಲ್ಲಿ ಒಬ್ಬ ಕೇಬಲ್ ಆಪರೇಟರ್ ಮನೆಮನೆಗೆ ಇಂಟರ್ನೆಟ್ ಕೊಡುತ್ತಾನೆ ಎಂದು ಇಟ್ಟುಕೊಳ್ಳಿ. ಅವನಿಗೆ ಮೇಲಿನಿಂದ ಎರಡು ಸಂಪರ್ಕ: ಒಂದು ಇಚಲಕರಂಜಿ ಕಡೆಯಿಂದ, ಇನ್ನೊಂದು ಜಯಸಿಂಗಪುರ ಕಡೆಯಿಂದ. ಒಂದು ಕೇಬಲ್ ತುಂಡಾದರೆ ಇನ್ನೊಂದರ ಮೇಲೆ ಓಡಬೇಕು.

ಯಾವ ದಾರಿ ಜೀವಂತ ಇದೆ, ಯಾವುದು ಸತ್ತಿದೆ ಎಂದು ಕ್ಷಣಕ್ಷಣ ನೋಡಿ, ದತ್ತಾಂಶಕ್ಕೆ ದಾರಿ ತೋರಿಸುವುದೇ ರೂಟಿಂಗ್ ಸಾಫ್ಟ್‌ವೇರ್. ಸಿಸ್ಕೋ, ಮೈಕ್ರೋಟಿಕ್ ಕಂಪನಿಗಳ ಪೆಟ್ಟಿಗೆಯಲ್ಲಿ ಅದು ಜೊತೆಗೇ ಬರುತ್ತದೆ. ಉಚಿತ, ಮುಕ್ತ ಸಾಫ್ಟ್‌ವೇರ್‌ಗಳೂ ಇವೆ. ಜಪಾನಿನಲ್ಲಿ 1996ರಲ್ಲಿ ಕುನಿಹಿರೊ ಇಶಿಗುರೊ ಆರಂಭಿಸಿದ ‘ಜೀಬ್ರಾ’ದಿಂದ ‘ಕ್ವಾಗಾ’ ಹುಟ್ಟಿತು, ಕ್ವಾಗಾದಿಂದ ಇಂದಿನ ‘ಎಫ್‌ಆರ್‌ಆರ್’ ಬಂತು. ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಯೋಜನೆಯಾಗಿ ಶುರುವಾದದ್ದು ‘ಬರ್ಡ್’. ಮನೆಯ ಸಣ್ಣ ರೂಟರ್‌ಗಳಿಗೆ ‘ಓಪನ್‌ಡಬ್ಲ್ಯುಆರ್‌ಟಿ’ ಇದೆ.

ಇವೆಲ್ಲವೂ ತಮ್ಮ ಪಾಡಿಗೆ ದಿನಚರಿ ಬರೆಯುತ್ತವೆ. ಆ ದಿನಚರಿಯ ಬಗ್ಗೆ ನಾಲ್ಕು ಪ್ರಶ್ನೆಗಳನ್ನು ಯಾರಾದರೂ ಮೊದಲೇ ತೀರ್ಮಾನಿಸಿರಬೇಕು: ಎಷ್ಟು ಬರೆಯಬೇಕು? ಯಾವುದನ್ನು ಬರೆಯಬೇಕು? ಎಲ್ಲಿ ಇಡಬೇಕು? ಯಾವ ಗಡಿಯಾರ ನೋಡಿ ಬರೆಯಬೇಕು?

ಎಷ್ಟು: ಎಂಟು ಮೆಟ್ಟಿಲು

1980ರ ದಶಕದಲ್ಲಿ ಎರಿಕ್ ಆಲ್ಮನ್ ಎಂಬ ಅಮೆರಿಕದ ಪ್ರೋಗ್ರಾಮರ್ ತನ್ನ ‘ಸೆಂಡ್‌ಮೇಲ್’ ತಂತ್ರಾಂಶಕ್ಕಾಗಿ ‘ಸಿಸ್‌ಲಾಗ್’ ಎಂಬ ಪದ್ಧತಿ ರೂಪಿಸಿದರು. ಅದೇ ಈಗ ಜಗತ್ತಿನ ರೂಢಿ. 2009ರಲ್ಲಿ ಆರ್‌ಎಫ್‌ಸಿ 5424 ಎಂಬ ದಾಖಲೆಯಲ್ಲಿ ಅದು ಕ್ರಮಬದ್ಧವಾಯಿತು. ಅದರಲ್ಲಿ ಸಂದೇಶಗಳಿಗೆ 0ಯಿಂದ 7ರವರೆಗೆ ಎಂಟು ಮಟ್ಟ. 0 ಎಮರ್ಜೆನ್ಸಿ, ಅಂದರೆ ಯಂತ್ರವೇ ನಿಂತುಹೋಗಿದೆ. 3 ಎರರ್, 4 ವಾರ್ನಿಂಗ್, 5 ನೋಟಿಸ್, 6 ಇನ್ಫಾರ್ಮೇಶನಲ್. 7 ಡಿಬಗ್, ಅಂದರೆ ಯಂತ್ರ ಉಸಿರಾಡಿದ್ದನ್ನೂ ಬರೆಯುವುದು. ಸಂಖ್ಯೆ ಚಿಕ್ಕದಾದಷ್ಟೂ ವಿಷಯ ಗಂಭೀರ. 6ನೇ ಮಟ್ಟ ಇಟ್ಟರೆ 0ಯಿಂದ 6ರವರೆಗಿನ ಎಲ್ಲವೂ ಬರುತ್ತದೆ, ಡಿಬಗ್ ಮಾತ್ರ ಬಿಟ್ಟುಹೋಗುತ್ತದೆ.

‘ಎಲ್ಲಾ ಬರೆದಿಡು, ಯಾವತ್ತಾದರೂ ಬೇಕಾಗುತ್ತೆ’ ಅನ್ನೋದು ಸುಲಭ. ಲೆಕ್ಕ ಹಾಕಿದರೆ ಕಷ್ಟ ಗೊತ್ತಾಗುತ್ತದೆ. ಒಂದು ಸಾಲು 120 ಬೈಟ್ ಎಂದಿಟ್ಟುಕೊಂಡರೆ, ಸೆಕೆಂಡಿಗೆ 100 ಸಾಲು ಡಿಬಗ್ ಸುರಿಯುವ ರೂಟರ್ ದಿನಕ್ಕೆ ಸುಮಾರು 1 ಜಿಬಿ ತುಂಬಿಸುತ್ತದೆ. ಅದರ ನಡುವೆ ‘ಕೇಬಲ್ ತುಂಡಾಯಿತು’ ಎಂಬ ಒಂದು ಸಾಲು ಹುಡುಕುವುದು ಎಂದರೆ ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ. ಡಿಸ್ಕ್ ಪೂರ್ತಿ ತುಂಬಿಬಿಟ್ಟರೆ ಮುಂದಿನ ಮುಖ್ಯ ಸಾಲು ಬರೆಯಲು ಜಾಗವೇ ಇರುವುದಿಲ್ಲ.

ಇನ್ನೊಂದು ಅಪಾಯ ವೇಗದ್ದು. ಸಿಸ್ಕೋದ ಐಒಎಸ್ ರೂಟರ್‌ಗಳಲ್ಲಿ ಕನ್ಸೋಲ್ ತಂತಿಗೆ ಲಾಗ್ ಕಳಿಸುವುದು ಡಿಫಾಲ್ಟ್ ಆಗಿಯೇ ಆನ್ ಇರುತ್ತದೆ, ಅದೂ ಡಿಬಗ್ ಮಟ್ಟದಲ್ಲಿ. ಆ ತಂತಿಯ ವೇಗ 9600 ಬಾಡ್, ಅಂದರೆ ಸೆಕೆಂಡಿಗೆ ಸುಮಾರು 960 ಅಕ್ಷರ, ಎಂಟೋ ಹತ್ತೋ ಸಾಲು ಅಷ್ಟೆ. ಯಾರೋ ಡಿಬಗ್ ಆಜ್ಞೆ ಕೊಟ್ಟು ಸಾವಿರಾರು ಸಾಲು ಒಮ್ಮೆಗೇ ಬಂದರೆ, ಅಷ್ಟನ್ನೂ ಆ ಸಣ್ಣ ತಂತಿಗೆ ತಳ್ಳುವುದರಲ್ಲೇ ರೂಟರ್ ಸುಸ್ತಾಗುತ್ತದೆ. ದಾರಿ ತೋರಿಸುವ ಅಸಲಿ ಕೆಲಸ ಹಿಂದೆ ಬೀಳುತ್ತದೆ. ಅನುಭವಸ್ಥರು ‘ಡಿಬಗ್ ಆಲ್’ ಕೊಡಬೇಡ ಎಂದು ಹೊಸಬರಿಗೆ ಎಚ್ಚರಿಸುವುದು ಇದಕ್ಕೇ.

ಇಲ್ಲಿ ಎರಡು ಬಾಗಿಲು ಇವೆ ಎಂಬುದನ್ನು ಗಮನಿಸಬೇಕು. ಡಿಬಗ್ ಸಂದೇಶ ಹುಟ್ಟಬೇಕೋ ಬೇಡವೋ ಎಂಬುದು ಮೊದಲ ಬಾಗಿಲು. ಹುಟ್ಟಿದ ಸಂದೇಶ ಲಾಗ್‌ಗೆ ಹೋಗಬೇಕೋ ಬೇಡವೋ ಎಂಬುದು ಎರಡನೆಯದು. ಎಫ್‌ಆರ್‌ಆರ್‌ನಲ್ಲಿ ‘ಲಾಗ್ ಸಿಸ್‌ಲಾಗ್’ ಎಂದಷ್ಟೇ ಬರೆದು ಮಟ್ಟ ಹೇಳದೆ ಬಿಟ್ಟರೆ ಎರಡನೇ ಬಾಗಿಲು ಡಿಬಗ್‌ವರೆಗೂ ತೆರೆದೇ ಇರುತ್ತದೆ. ಆದರೆ ಅದರ ಜೊತೆಗೆ ಬರುವ ಮಾದರಿ ಸಂರಚನಾ ಕಡತದಲ್ಲಿ ‘ಲಾಗ್ ಸಿಸ್‌ಲಾಗ್ ಇನ್ಫಾರ್ಮೇಶನಲ್’ ಎಂಬ ಸಾಲು ಮೊದಲೇ ಇದೆ. ಆ ಒಂದು ಪದವೇ ಕಾವಲುಗಾರ. ಯಾರೋ ಡಿಬಗ್ ಆನ್ ಮಾಡಿ ಮರೆತು ಮನೆಗೆ ಹೋದರೂ ಲಾಗ್ ತುಂಬಿ ತುಳುಕುವುದಿಲ್ಲ. ಸಾಮಾನ್ಯ ಬಳಕೆಗೆ 6ನೇ ಮಟ್ಟ, ಬಹಳ ಸಣ್ಣ ಯಂತ್ರಕ್ಕೆ 5ನೇ ಮಟ್ಟ, ದೋಷ ಹುಡುಕುವಾಗ ಮಾತ್ರ ಸ್ವಲ್ಪ ಹೊತ್ತು 7: ಈ ಕ್ರಮ ಸಾಕಾಗುತ್ತದೆ.

ಯಾವುದು: ನೆರೆಯವರು ಬಂದರು, ಹೋದರು

2021ರ ಅಕ್ಟೋಬರ್ 4ರ ರಾತ್ರಿ ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ನಿಂತುಹೋದದ್ದು ಗಲ್ಫ್‌ನಲ್ಲಿ ಮನೆಯವರಿರುವ ಯಾರಿಗೂ ಮರೆತಿರಲಿಕ್ಕಿಲ್ಲ. ನಿರ್ವಹಣೆಯ ವೇಳೆ ಕೊಟ್ಟ ಒಂದು ಆಜ್ಞೆಯಿಂದ ಫೇಸ್‌ಬುಕ್‌ನ ಒಳಜಾಲ ಕಡಿದುಹೋಗಿ, ‘ನಮ್ಮ ಸರ್ವರ್‌ಗಳಿಗೆ ದಾರಿ ಇದು’ ಎಂದು ಜಗತ್ತಿಗೆ ಸಾರುವ ಸೂಚನೆಗಳು ವಾಪಸಾದವು. ಹೊರಗಿನವರಿಗೆ ಇದು ಗೊತ್ತಾದದ್ದು ಹೇಗೆ? ಭಾರತೀಯ ಕಾಲಮಾನ ರಾತ್ರಿ 9.10ರ ಹೊತ್ತಿಗೆ ಫೇಸ್‌ಬುಕ್ ಕಡೆಯಿಂದ ದಾರಿ ಬದಲಾವಣೆಗಳು ಒಮ್ಮೆಲೇ ಏರಿದ್ದನ್ನು ಕ್ಲೌಡ್‌ಫ್ಲೇರ್ ಕಂಪನಿ ತನ್ನ ದಾಖಲೆಗಳಲ್ಲಿ ಕಂಡಿತು.

ರೂಟಿಂಗ್‌ನಲ್ಲಿ ಬಹಳ ಬೆಲೆಬಾಳುವ ಸಾಲು ಇದೇ: ಪಕ್ಕದ ರೂಟರ್ ಜೊತೆಗಿನ ಸಂಬಂಧ ಯಾವಾಗ ಕಡಿಯಿತು, ಯಾವಾಗ ಕೂಡಿತು, ಯಾಕೆ. ಸಿಸ್ಕೋದಲ್ಲಿ ಬಿಜಿಪಿ ನೆರೆಯವರ ಈ ಬದಲಾವಣೆ ಬರೆಯುವುದು ಡಿಫಾಲ್ಟ್ ಆಗಿ ಆನ್. ಎಫ್‌ಆರ್‌ಆರ್‌ನಲ್ಲಿ ಹಾಗಿಲ್ಲ. ಅದರಲ್ಲಿ ಡಿಫಾಲ್ಟ್‌ಗಳದ್ದೇ ಎರಡು ಗುಂಪು. ‘ಟ್ರೆಡಿಶನಲ್’ ಎಂಬ ಹಳೆಯ ಗುಂಪಿನಲ್ಲಿ ಅದು ಆಫ್, ‘ಡೇಟಾಸೆಂಟರ್’ ಎಂಬ ಗುಂಪಿನಲ್ಲಿ ಆನ್. ದತ್ತವಾಡದ ನಮ್ಮ ಆಪರೇಟರ್ ಹಳೆಯ ಗುಂಪಿನಲ್ಲೇ ಓಡಿಸುತ್ತಿದ್ದರೆ, ಇಚಲಕರಂಜಿ ಕಡೆಯ ಸಂಪರ್ಕ ರಾತ್ರಿ ಹತ್ತು ಸಲ ಕಡಿದು ಕೂಡಿದರೂ ಬೆಳಗ್ಗೆ ಲಾಗ್‌ನಲ್ಲಿ ಆ ಸಾಲು ಸಿಗಲಿಕ್ಕಿಲ್ಲ. ಮೇಲಿನ ಕಂಪನಿ ‘ನಮ್ಮ ಕಡೆ ಎಲ್ಲಾ ಸರಿ ಇದೆ’ ಅಂದರೆ ಅವನ ಕೈಯಲ್ಲಿ ತೋರಿಸಲು ಏನೂ ಇಲ್ಲ. ಒಂದೇ ಒಂದು ಸಾಲು ಸೇರಿಸಿದರೆ ಸಾಕು, ತೊಂದರೆ ಬಗೆಹರಿಯುತ್ತದೆ. ಆದರೆ ಸೇರಿಸಬೇಕು ಎಂದು ಗೊತ್ತಿರಬೇಕು.

ಹಾಗಾದರೆ ಎಲ್ಲರಿಗೂ ಆನ್ ಮಾಡಿಬಿಟ್ಟರೆ ಆಗದೇ? ಡಿಫಾಲ್ಟ್ ಬದಲಿಸುವುದು ಅಷ್ಟು ಸಲೀಸಲ್ಲ. ಹಳೆಯ ನಡವಳಿಕೆಯನ್ನೇ ನಂಬಿ ಸಾವಿರಾರು ಕಡೆ ಯಂತ್ರಗಳು ಓಡುತ್ತಿರುತ್ತವೆ. ಅದಕ್ಕೇ ಎಫ್‌ಆರ್‌ಆರ್ ತನ್ನ ಸಂರಚನೆಯಲ್ಲಿ ಆವೃತ್ತಿಯ ಸಂಖ್ಯೆಯನ್ನೂ ಡಿಫಾಲ್ಟ್ ಗುಂಪಿನ ಹೆಸರನ್ನೂ ಬರೆದಿಡುತ್ತದೆ. ಸಾಫ್ಟ್‌ವೇರ್ ಹೊಸದಾದರೂ ಹಳೆಯ ಬಳಕೆದಾರನ ಕಾಲ ಕೆಳಗಿನ ನೆಲ ಸರಿಯಬಾರದು ಎಂಬ ಎಚ್ಚರ ಅದು.

ಬರ್ಡ್ ಇನ್ನೊಂದು ದಾರಿ ಹಿಡಿದಿದೆ. ಅದರಲ್ಲಿ ಮೆಟ್ಟಿಲುಗಳ ಬದಲು ಬಗೆಗಳು. ‘ರಿಮೋಟ್’ ಎಂದರೆ ಎದುರಿನವರು ಮಾಡಿದ ತಪ್ಪು, ‘ಆಥ್’ ಎಂದರೆ ಗುರುತು ಪರಿಶೀಲನೆಯಲ್ಲಿ ಸೋಲು, ‘ಬಗ್’ ಎಂದರೆ ಸಾಫ್ಟ್‌ವೇರ್‌ನದೇ ದೋಷ. ‘ತಪ್ಪು ನಮ್ಮದೋ, ಅವರದೋ’ ಎಂಬ ಜಗಳದಲ್ಲಿ ಈ ವಿಂಗಡಣೆ ಬಹಳ ಉಪಯೋಗಕ್ಕೆ ಬರುತ್ತದೆ.

ಎಲ್ಲಿ: ಕರೆಂಟ್ ಹೋದರೆ ಏನು ಉಳಿಯುತ್ತದೆ?

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಪಂಚಗಂಗಾ ನದಿಗಳು ಉಕ್ಕಿ ಕೊಲ್ಹಾಪುರ, ಸಾಂಗ್ಲಿ ಜಿಲ್ಲೆಗಳು ಮುಳುಗಿದವು. ಶಿರೋಳ ತಾಲೂಕು ಅತಿ ಹೆಚ್ಚು ಪೆಟ್ಟು ತಿಂದ ಪ್ರದೇಶಗಳಲ್ಲಿ ಒಂದು. ಪುಣೆ-ಬೆಂಗಳೂರು ಹೆದ್ದಾರಿಯೇ ಕೊಲ್ಹಾಪುರದ ಬಳಿ ಹಲವು ದಿನ ಬಂದ್ ಆಗಿತ್ತು. ಇಂಥ ಹೊತ್ತಿನಲ್ಲಿ ಮೊದಲು ಹೋಗುವುದು ಕರೆಂಟು, ಹಿಂದೆಯೇ ನೆಟ್.

ಸಣ್ಣ ರೂಟರ್‌ಗಳಲ್ಲಿ ಲಾಗ್ ಕೂಡ ಕರೆಂಟಿನ ಜೊತೆಗೇ ಹೋಗುತ್ತದೆ. ಮನೆ ರೂಟರ್‌ನಲ್ಲಿರುವ ಫ್ಲ್ಯಾಶ್ ಮೆಮೊರಿ ಚಿಕ್ಕದು, ಮೇಲಿಂದ ಮೇಲೆ ಬರೆದರೆ ಸವೆಯುವಂಥದ್ದು. ಅದಕ್ಕೇ ಓಪನ್‌ಡಬ್ಲ್ಯುಆರ್‌ಟಿ ಲಾಗ್ ಅನ್ನು ತಾತ್ಕಾಲಿಕ ಮೆಮೊರಿಯಲ್ಲಿ ಇಡುತ್ತದೆ. ಜಾಗ ತುಂಬಿದರೆ ಹಳೆಯದು ಅಳಿಸಿ ಹೊಸದು ಬರುತ್ತದೆ. ಮೈಕ್ರೋಟಿಕ್ ಕೂಡ ಮಾಹಿತಿ, ಎಚ್ಚರಿಕೆ, ದೋಷಗಳನ್ನು ಮೆಮೊರಿಗೇ ಬರೆಯುತ್ತದೆ, ಡಿಫಾಲ್ಟ್ ಮಿತಿ 1000 ಸಾಲು. ನಿಮಿಷಕ್ಕೆ 10 ಸಾಲು ಬಂದರೆ 100 ನಿಮಿಷದಲ್ಲಿ ಮೊದಲ ಸಾಲು ಮಾಯ. ಫ್ಲ್ಯಾಶ್ ಉಳಿಸುವ ದೃಷ್ಟಿಯಿಂದ ಈ ಡಿಫಾಲ್ಟ್ ಸರಿಯೇ. ಆದರೆ ಯಂತ್ರ ಸತ್ತದ್ದು ಯಾಕೆ ಎಂಬ ಕೊನೆಯ ಸಾಲು ಯಂತ್ರದ ಜೊತೆಗೇ ಸಾಯುತ್ತದೆ.

ಇದಕ್ಕೆ ಪರಿಹಾರ, ಲಾಗ್‌ನ ಒಂದು ಪ್ರತಿಯನ್ನು ಬೇರೆ ಕಡೆ ಕಳಿಸುವುದು. ಯುಪಿಎಸ್ ಇರುವ ಹಳೆಯ ಕಂಪ್ಯೂಟರ್ ಆದರೂ ನಡೆಯುತ್ತದೆ. ಸಿಸ್‌ಲಾಗ್‌ಗೆ ಮೀಸಲಾದ ಯುಡಿಪಿ 514ನೇ ಪೋರ್ಟ್‌ಗೆ ಸಾಲುಗಳು ಹೋಗುತ್ತವೆ. ಅವು ಬರಿಗಣ್ಣಿಗೆ ಓದಲು ಬರುವ ರೂಪದಲ್ಲೇ ಹೋಗುವುದರಿಂದ, ಇದನ್ನು ಒಳಜಾಲದಲ್ಲಿ ಮಾತ್ರ ಬಳಸಬೇಕು. ಖರ್ಚಿನ ಭಯ ಬೇಡ. ನಿಮಿಷಕ್ಕೆ 10 ಸಾಲಿನಂತೆ 180 ದಿನ ಇಟ್ಟರೂ ಸುಮಾರು 310 ಎಂಬಿ, ಒಂದು ಪೆನ್‌ಡ್ರೈವ್‌ನ ಮೂಲೆ ಸಾಕು.

ಯಾವ ಗಡಿಯಾರ: ತಾರೀಖೇ ಬದಲಾದರೆ?

ಅನೇಕ ಸಣ್ಣ ರೂಟರ್‌ಗಳಲ್ಲಿ ಬ್ಯಾಟರಿ ಇರುವ ಗಡಿಯಾರವೇ ಇಲ್ಲ. ಕರೆಂಟ್ ಹೋಗಿ ಬಂದರೆ ಕೆಲವು 1970ರ ಜನವರಿಯಿಂದ ಎಣಿಸಲು ಶುರುಮಾಡುತ್ತವೆ. ಎನ್‌ಟಿಪಿ ಮೂಲಕ ಇಂಟರ್ನೆಟ್‌ನಿಂದ ಸರಿಯಾದ ಸಮಯ ಸಿಗುವ ತನಕ ಬರೆದ ಸಾಲುಗಳು ಯಾವ ಉಪಯೋಗಕ್ಕೂ ಬರುವುದಿಲ್ಲ.

ಇನ್ನೊಂದು ಗೊಂದಲ ಕಾಲಮಾನದ್ದು. ಜಾಗತಿಕ ಯುಟಿಸಿ ಸಮಯಕ್ಕಿಂತ ಭಾರತದ ಸಮಯ ಐದೂವರೆ ಗಂಟೆ ಮುಂದೆ. ಆಗಸ್ಟ್ 7ರ ರಾತ್ರಿ 1 ಗಂಟೆ ಎಂದರೆ ಯುಟಿಸಿಯಲ್ಲಿ ಆಗಸ್ಟ್ 6ರ ರಾತ್ರಿ 7.30. ತಾರೀಖೇ ಬೇರೆ! ಒಂದೇ ಐಪಿ ವಿಳಾಸ ಬೆಳಗ್ಗೆ ಒಬ್ಬರ ಬಳಿ, ಸಂಜೆ ಇನ್ನೊಬ್ಬರ ಬಳಿ ಇರಬಹುದು. ಐದೂವರೆ ಗಂಟೆ ತಪ್ಪಿ ಓದಿದರೆ ಯಾರದೋ ತಪ್ಪಿಗೆ ಇನ್ಯಾರದೋ ಮನೆ ಬಾಗಿಲು ಬಡಿದಂತಾಗುತ್ತದೆ.

ಈಗ ವಿಳಾಸಗಳ ಕೊರತೆಯಿಂದ ಕಂಪನಿಗಳು ಒಂದೇ ಸಾರ್ವಜನಿಕ ಐಪಿಯನ್ನು ಏಕಕಾಲಕ್ಕೆ ಅನೇಕ ಗ್ರಾಹಕರಿಗೆ ಹಂಚುತ್ತವೆ. ಆಗ ಐಪಿ ಮತ್ತು ಸಮಯ ಎರಡೂ ಸರಿ ಇದ್ದರೂ ವ್ಯಕ್ತಿ ಸಿಗುವುದಿಲ್ಲ, ಪೋರ್ಟ್ ಸಂಖ್ಯೆಯೂ ಬೇಕು. ಇಂಟರ್ನೆಟ್‌ಗೆ ತೆರೆದಿರುವ ಸರ್ವರ್‌ಗಳು ಪೋರ್ಟ್ ಸಂಖ್ಯೆಯನ್ನೂ, ನಂಬಬಹುದಾದ ಮೂಲದಿಂದ ಪಡೆದ ಸೆಕೆಂಡ್ ಮಟ್ಟದ ನಿಖರ ಸಮಯವನ್ನೂ ಬರೆಯಬೇಕು ಎಂದು 2011ರ ಆರ್‌ಎಫ್‌ಸಿ 6302 ಶಿಫಾರಸು ಮಾಡಿದ್ದು ಈ ಕಾರಣಕ್ಕೆ. ಎಫ್‌ಆರ್‌ಆರ್‌ನ ಡಿಫಾಲ್ಟ್ ನಿಖರತೆಯೂ ಒಂದು ಸೆಕೆಂಡೇ. ಬೇಕಾದವರು ಇನ್ನೂ ಸೂಕ್ಷ್ಮ ಮಾಡಿಕೊಳ್ಳಬಹುದು.

ಯಾರು ಸೇರಿದರು ಎಂಬುದು ಬೇರೆ, ಎಲ್ಲಿಗೆ ಹೋದರು ಎಂಬುದು ಬೇರೆ

2008ರ ಜುಲೈನಲ್ಲಿ ಅಹ್ಮದಾಬಾದ್ ಸ್ಫೋಟಗಳ ಹೊಣೆ ಹೊತ್ತ ಇಮೇಲ್ ಹೋದದ್ದು ನವಿ ಮುಂಬೈಯ ಸಾನ್ಪಾಡಾದಲ್ಲಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಯ ವೈಫೈ ಮೂಲಕ. ಭದ್ರತೆ ಇಲ್ಲದ ಆ ವೈಫೈಯನ್ನು ಬೇರೆಯವರು ದುರ್ಬಳಕೆ ಮಾಡಿದ್ದರು, ವಿಚಾರಣೆ ಎದುರಿಸಿದ್ದು ಮನೆಯವರು. 2023ರ ಜೂನ್‌ನಲ್ಲಿ ಸಾಮಾಜಿಕ ಜಾಲತಾಣದ ಸ್ಟೇಟಸ್‌ಗಳ ವಿಷಯದಲ್ಲಿ ಕೊಲ್ಹಾಪುರ ನಗರದಲ್ಲಿ ಗಲಭೆಯಾಗಿ ಇಂಟರ್ನೆಟ್ ಸ್ಥಗಿತಗೊಂಡಿತ್ತು. ಇಂಥ ಕಾಲದಲ್ಲಿ ಹಂಚಿಕೊಂಡ ವೈಫೈ ನೋಡಿಕೊಳ್ಳುವವನಿಗೆ ಲಾಗ್ ಒಂದು ರಕ್ಷಣೆ.

ಹಾಗೆಂದು ಎಲ್ಲರ ಓಡಾಟವನ್ನೂ ಬರೆದಿಡಬೇಕೇ? ಬೇಡ. ಸಣ್ಣ ರೂಟರ್‌ಗಳಲ್ಲಿ ಸಾಮಾನ್ಯವಾಗಿರುವ ‘ಡಿಎನ್‌ಎಸ್‌ಮಾಸ್ಕ್’ ಎಂಬ ತಂತ್ರಾಂಶದ ಡಿಫಾಲ್ಟ್ ಇಲ್ಲಿ ಒಳ್ಳೆಯ ಪಾಠ. ಯಾವ ಸಾಧನಕ್ಕೆ ಯಾವಾಗ ಯಾವ ಒಳವಿಳಾಸ ಕೊಟ್ಟೆ ಎಂಬುದನ್ನು ಅದು ಬರೆಯುತ್ತದೆ. ಆ ಸಾಧನ ಯಾವ ಜಾಲತಾಣದ ಹೆಸರು ಕೇಳಿತು ಎಂಬುದನ್ನು ಯಾರಾದರೂ ಬೇಕೆಂದೇ ಆನ್ ಮಾಡದ ಹೊರತು ಬರೆಯುವುದಿಲ್ಲ. ಮನೆಗೆ ಬಂದ ಅತಿಥಿಯ ಹೆಸರು ಗೊತ್ತಿರಬೇಕು, ಅವರ ಚೀಲ ಬಿಚ್ಚಿ ನೋಡಬಾರದು.

ಒಬ್ಬರು ಯಾವ ಆಸ್ಪತ್ರೆಯ ತಾಣ ನೋಡಿದರು, ಯಾವ ಸಾಲದ ಆ್ಯಪ್ ತೆರೆದರು ಎಂಬುದು ಹಾಸ್ಟೆಲ್ ವಾರ್ಡನ್‌ಗೂ ಅಂಗಡಿಯವನಿಗೂ ಬೇಡದ ವಿಷಯ. ಒಮ್ಮೆ ಬರೆದಿಟ್ಟ ಮೇಲೆ ಅದು ಸೋರಬಹುದು, ಬೆದರಿಕೆಗೂ ಬಳಕೆಯಾಗಬಹುದು. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿದೆ ಎಂಬುದನ್ನೂ ಮರೆಯಬಾರದು.

ಲಾಗ್‌ನ ಮಿತಿಯನ್ನೂ ತಿಳಿದಿರಬೇಕು. ವಾಟ್ಸ್‌ಆ್ಯಪ್ ಸಂದೇಶದ ಒಳಗೆ ಏನಿದೆ ಎಂಬುದು ರೂಟರ್‌ಗೆ ಕಾಣುವುದಿಲ್ಲ, ಅದು ಗೂಢಲಿಪಿಯಲ್ಲಿ ಹೋಗುತ್ತದೆ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದೀಚೆಗೆ ಫೋನ್‌ಗಳು ವೈಫೈಗೆ ತಮ್ಮ ಅಸಲಿ ಮ್ಯಾಕ್ ವಿಳಾಸದ ಬದಲು ಬೇರೊಂದನ್ನು ತೋರಿಸುತ್ತವೆ. ಆದ್ದರಿಂದ ಮ್ಯಾಕ್ ವಿಳಾಸ ಸಿಕ್ಕಿತೆಂದರೆ ಮನುಷ್ಯ ಸಿಕ್ಕ ಎಂದಲ್ಲ.

ಕಾನೂನು ಏನು ಹೇಳುತ್ತದೆ?

ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸೇವಾದಾರರು, ಕಂಪನಿಗಳು, ಸರಕಾರಿ ಸಂಸ್ಥೆಗಳು ತಮ್ಮ ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಸುರಕ್ಷಿತವಾಗಿ ಇಡಬೇಕು, ಗಡಿಯಾರವನ್ನು ಎನ್‌ಟಿಪಿ ಮೂಲಕ ಹೊಂದಿಸಬೇಕು, ಸೈಬರ್ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು. ಇದು ಸಾಮಾನ್ಯ ನಾಗರಿಕರ ಮನೆ ರೂಟರ್‌ಗೆ ಅಲ್ಲ. ಪರವಾನಗಿ ಪಡೆದ ಇಂಟರ್ನೆಟ್ ಕಂಪನಿಗಳು ಬಳಕೆಯ ದಾಖಲೆಗಳನ್ನು ಕನಿಷ್ಠ 2 ವರ್ಷ ಇಡಬೇಕೆಂದು ದೂರಸಂಪರ್ಕ ಇಲಾಖೆ 2021ರ ಡಿಸೆಂಬರ್‌ನಲ್ಲಿ ಷರತ್ತು ಬದಲಿಸಿದೆ.

ಈಗ ಮಾಡಬಹುದಾದದ್ದು

ವೈಫೈ ನೋಡಿಕೊಳ್ಳುವ ಯುವಕರು ಒಂದು ಸಂಜೆ ಕೂತು ಮುಗಿಸಬಹುದಾದ ಕೆಲಸ ಇಷ್ಟು:

- ರೂಟರ್‌ನ ಸಮಯ ಸರಿ ಇದೆಯೇ, ಎನ್‌ಟಿಪಿ ಆನ್ ಇದೆಯೇ ನೋಡಿ. ಸಮಯದ ಜೊತೆ ಕಾಲಮಾನವೂ ಬರುವಂತೆ ಮಾಡಿ.
- ಲಾಗ್ ಮಟ್ಟ ಇನ್ಫಾರ್ಮೇಶನಲ್‌ನಲ್ಲಿ ಇಡಿ. ಡಿಬಗ್ ಆನ್ ಮಾಡಿದರೆ ಆಫ್ ಮಾಡಿಯೇ ಎದ್ದೇಳಿ.
- ನೆರೆ ರೂಟರ್ ಬಂದುಹೋಗುವ ಸಾಲು, ಲಾಗಿನ್ ಸೋಲಿನ ಸಾಲು, ಸಾಧನಗಳಿಗೆ ವಿಳಾಸ ಕೊಟ್ಟ ಸಾಲು ಬರುತ್ತಿವೆಯೇ ಪರೀಕ್ಷಿಸಿ.
- ಒಂದು ಪ್ರತಿ ಹೊರಗಿನ ಯಂತ್ರಕ್ಕೆ ಹೋಗಲಿ. ಅದನ್ನು ಯಾರು ಓದಬಹುದು ಎಂದು ಮೊದಲೇ ನಿರ್ಧರಿಸಿ.
- ಜಾಲತಾಣಗಳ ಹೆಸರು ಬರೆಯುವ ಆಯ್ಕೆ ಆಫ್ ಇರಲಿ. ಅವಧಿ ಮುಗಿದ ಲಾಗ್ ತಾನಾಗಿ ಅಳಿಯಲಿ.
- ಪಾಸ್‌ವರ್ಡ್ ಇಲ್ಲದ ವೈಫೈ ಬೇಡ. ಯಾವ ದಾಖಲೆ ಇಡಲಾಗುತ್ತದೆ ಎಂದು ಬಳಸುವವರಿಗೆ ಗೋಡೆಯ ಮೇಲೆ ಎರಡು ಸಾಲು ಬರೆದು ತಿಳಿಸಿ.

ನೆಟ್‌ವರ್ಕ್ ಕಲಿಯುತ್ತಿರುವವರಿಗೆ ಇನ್ನೊಂದು ಮಾತು. ಎಫ್‌ಆರ್‌ಆರ್, ಬರ್ಡ್, ಓಪನ್‌ಡಬ್ಲ್ಯುಆರ್‌ಟಿ ಮೂರೂ ಮುಕ್ತ ತಂತ್ರಾಂಶಗಳು. ಅವುಗಳ ಡಿಫಾಲ್ಟ್ ಏನಿರಬೇಕು ಎಂಬ ಚರ್ಚೆಯಲ್ಲಿ ಜಗತ್ತಿನ ಯಾವ ಮೂಲೆಯವರೂ ಭಾಗವಹಿಸಬಹುದು. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನ ಅನುಭವ ಅಲ್ಲಿ ಕೂತು ಬರೆಯುವವರಿಗೆ ತಾನಾಗಿ ತಿಳಿಯುವುದಿಲ್ಲ. ಕಂಡವರು ಹೇಳಬೇಕು. ಹಾಗೆ ಹೇಳಿ ಬದಲಾದ ಒಂದು ಸಾಲು, ಸೆಟ್ಟಿಂಗ್ ಪುಟವನ್ನೇ ತೆರೆಯದ ಲಕ್ಷಾಂತರ ಮನೆಗಳಿಗೆ ತಲುಪುತ್ತದೆ.